ಆಯುರ್ದಾನದ ಕಥೆ ಮತ್ತು ಗೋಪಾಲದಾಸರ ಕೀರ್ತನೆ

ಅದ್ಭುತ ಕಥೆಯೊಂದು ಎದುರಾದಾಗ, ಇತಿಹಾಸದ ಅಧ್ಯಾಪಕರಾದ ನಾವು ಮೊದಲು ಕೇಳುವುದು ಇದು ನಡೆದುದೇ ಎಂದು. ಈ ಪ್ರಶ್ನೆ ಅವಶ್ಯವಾದುದು. ಆದರೆ ಇದೊಂದೇ ಸಾಲದೆಂಬುದನ್ನು ರಾಯಚೂರು ಸೀಮೆಯ ದಾಸಸಾಹಿತ್ಯದ ಒಂದು ನಿದರ್ಶನದಿಂದ ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕಥೆ ಸರ್ವವಿದಿತವಾದುದು. ಮಾನ್ವಿಯ ಪಂಡಿತ ಶ್ರೀನಿವಾಸಾಚಾರ್ಯರು ವಿಜಯದಾಸರ ಭೋಜನದ ಆಹ್ವಾನವನ್ನು ಹೊಟ್ಟೆನೋವಿನ ನೆವದಿಂದ ನಿರಾಕರಿಸಿದರು. ನೆವವೇ ನಿಜವಾಗಿ ಉದರವ್ಯಾಧಿ ಅವರನ್ನು ಹಿಡಿಯಿತು. ಇಂದಿನ ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನವರಾದ ಗೋಪಾಲದಾಸರು ತಮ್ಮ ಆಯುಷ್ಯದ 40 ವರ್ಷಗಳನ್ನು ಅವರಿಗೆ ಧಾರೆಯೆರೆದರು. ಆ ಆಚಾರ್ಯರೇ ಮುಂದೆ ಜಗನ್ನಾಥದಾಸರಾದರು (1728-1809).

ಇಲ್ಲಿ ಇತಿಹಾಸಕಾರನ ಲೆಕ್ಕಾಚಾರ ಸುಲಭ. ಕೊಟ್ಟವರು ನಡುವಯಸ್ಸಿನಲ್ಲಿಯೇ ತೀರಿಕೊಂಡರು; ಪಡೆದವರು ಎಂಬತ್ತನ್ನು ದಾಟಿ ಬಾಳಿದರು. ಈ ಅಂತರವನ್ನು ಕಂಡ ಶಿಷ್ಯಪರಂಪರೆಯೇ ಕಥೆಯನ್ನು ಹೆಣೆದಿರಬಹುದು. ವಸ್ತುವೂ ಹಳೆಯದೇ. ಮಹಾಭಾರತದ ಆದಿಪರ್ವದಲ್ಲಿ ರುರುವು ಹಾವು ಕಚ್ಚಿ ಸತ್ತ ಪ್ರಮದ್ವರೆಗೆ ತನ್ನ ಆಯುಷ್ಯದ ಅರ್ಧವನ್ನು ಕೊಡುತ್ತಾನೆ. ಗ್ರೀಕರ ಕಥೆಯಲ್ಲಿ ಆಲ್ಸೆಸ್ಟಿಸ್ ಪತಿಗೆ ಬದಲಾಗಿ ತಾನು ಸಾಯಲೊಪ್ಪುತ್ತಾಳೆ. ಇಷ್ಟು ಹೇಳಿ ಸುಮ್ಮನಾದರೆ ನಮ್ಮ ವಿಮರ್ಶೆ ಅಪೂರ್ಣ. ಅಹಂಕಾರಕ್ಕೆ ಶಿಕ್ಷೆಯಾಯಿತೆಂಬ ನೀತಿಯನ್ನಷ್ಟೇ ಹೆಕ್ಕಿಕೊಳ್ಳುವ ಪ್ರವಚನಕಾರರ ವ್ಯಾಖ್ಯಾನವೂ ಅಷ್ಟೇ ಅಪೂರ್ಣ.

ಏಕೆಂದರೆ ಕಥೆಯೊಡನೆ ಒಂದು ಕೀರ್ತನೆಯೂ ಉಳಿದು ಬಂದಿದೆ. ಈ ಸಂದರ್ಭದಲ್ಲಿಯೇ ಗೋಪಾಲದಾಸರು ರಚಿಸಿದರೆಂದು ಸಂಪ್ರದಾಯವು ಹೇಳುವ ಅದು, ಧನ್ವಂತರಿಯಲ್ಲಿ ಮಾಡಿಕೊಂಡ ಬಿನ್ನಹ. ಕಥೆಯಲ್ಲಿ ಗೋಪಾಲದಾಸರು ಕೊಡುವವರು, ಕೀರ್ತನೆಯಲ್ಲಿ ಬೇಡುವವರು. ಕಥೆಯಲ್ಲಿ ರೋಗಿಯು ಅಪರಾಧಿ. ಕೀರ್ತನೆಯಲ್ಲಿ ಕರುಣೆಗೆ ಅರ್ಹನಾದ ಎಳೆಯ ಜೀವ. ಪವಾಡವು ಹಿಂದೆ ಸರಿದು, ಮತ್ತೊಬ್ಬನ ನೋವಿಗಾಗಿ ಕೈಮುಗಿದು ನಿಂತ ಮನುಷ್ಯನೊಬ್ಬನು ನಮಗೆ ಕಾಣುತ್ತಾನೆ.

ಕಥೆಯು ನಮ್ಮದಾಗುವುದು ಈ ಎಡೆಯಲ್ಲಿ. ಜ್ವರದಿಂದ ನರಳುವ ಮಗುವಿನ ತಲೆ ಸವರುತ್ತ ‘ನನ್ನ ಆಯುಷ್ಯ ನಿನಗಿರಲಿ’ ಎನ್ನುವ ತಾಯಿಯನ್ನು ನಾವೆಲ್ಲರೂ ಬಲ್ಲೆವು. ವರ್ಷಗಳು ಕೈಯಿಂದ ಕೈಗೆ ದಾಟುವುದಿಲ್ಲವೆಂದು ಆಕೆಗೂ ಗೊತ್ತು. ಆದರೂ ಆ ಮಾತು ಸುಳ್ಳಲ್ಲ. ರೋಗಿಯ ಹಾಸಿಗೆಯ ಬಳಿ ರಾತ್ರಿ ಕಳೆದವರಾರೂ ಅದನ್ನು ಸುಳ್ಳೆನ್ನಲಾರರು. ಆಯುರ್ದಾನದ ಕಥೆಯು ಈ ಹಂಬಲವನ್ನು ಘಟನೆಯಾಗಿಸಿತು. ಕೀರ್ತನೆಯು ಅದನ್ನು ಮರಳಿ ಹಂಬಲವನ್ನಾಗಿಸಿ ನಮಗೆ ಒಪ್ಪಿಸಿತು.

ಬದುಕಿ ಉಳಿದವರು ಭಾಮಿನಿ ಷಟ್ಪದಿಯಲ್ಲಿ 32 ಸಂಧಿಗಳ ‘ಹರಿಕಥಾಮೃತಸಾರ’ವನ್ನು ರಚಿಸಿದರು. ಪಡೆದ ಆಯುಷ್ಯಕ್ಕೆ ಇದಕ್ಕಿಂತ ಮಿಗಿಲಾದ ಲೆಕ್ಕವನ್ನು ಯಾರು ಒಪ್ಪಿಸಿಯಾರು? ಆದುದರಿಂದ ರಾಯಚೂರಿನ ನಮ್ಮ ತರಗತಿಗಳಲ್ಲಿ ಈ ಕಥೆಯನ್ನು ಹೇಳುವಾಗ ಕೀರ್ತನೆಯನ್ನೂ ಜೊತೆಗೆ ಓದಿಸುವುದು ಉಚಿತ. ನಡೆದುದೇನೆಂಬ ವಿಚಾರಣೆಯನ್ನು ನಾವು ಬಿಡಬೇಕಾಗಿಲ್ಲ. ಜನರು ಏನನ್ನು ಹಾರೈಸಿದರೆಂಬುದೂ ಇತಿಹಾಸಕ್ಕೆ ಸೇರಿದ ಸಂಗತಿಯೆಂದು ಒಪ್ಪಿದರೆ ಸಾಕು.