ಸೀರೆ ಕಂಡಿತು, ಪ್ರಶ್ನೆ ಕೇಳಿಸಲಿಲ್ಲ

1988ರಲ್ಲಿ ದೂರದರ್ಶನದ ರವಿವಾರದ ಮುಂಜಾನೆಗಳನ್ನು ಎರಡು ಮಹಾಕಾವ್ಯಗಳು ಹಂಚಿಕೊಂಡವು. ರಮಾನಂದ ಸಾಗರರ ‘ರಾಮಾಯಣ’ ಜುಲೈ 31ಕ್ಕೆ ಮುಗಿಯಿತು, ಬಿ.ಆರ್. ಚೋಪ್ರಾರ ‘ಮಹಾಭಾರತ’ ಅಕ್ಟೋಬರ್ 2ಕ್ಕೆ ಶುರುವಾಯಿತು. ಕೂಡಲಸಂಗಮದಲ್ಲಿ ಟಿ.ವಿ. ಇದ್ದ ಮನೆಯ ಪಡಸಾಲೆಗೆ ನಾವು ಹೆಣ್ಣುಮಕ್ಕಳು ರೊಟ್ಟಿ ಬಡಿದಿಟ್ಟು ಬಂದು ಕೂಡುತ್ತಿದ್ದೆವು. ಹಿಂದಿ ಬಾರದಿದ್ದರೂ ಕತೆ ಗೊತ್ತಿತ್ತು. ಅಳು ತಾನಾಗಿ ಬರುತ್ತಿತ್ತು.

ಆದರೆ ಕತೆ ತಿಳಿದರೆ ಸಾಕೆ? ರೂಪಾ ಗಂಗೂಲಿಯವರ ದ್ರೌಪದಿ ತುಂಬಿದ ಸಭೆಯಲ್ಲಿ ಬಾಯಿ ಬಿಡುತ್ತಾಳೆ. ತನ್ನನ್ನೇ ಸೋತವನಿಗೆ ಹೆಂಡತಿಯನ್ನು ಪಣಕ್ಕಿಡುವ ಹಕ್ಕು ಎಲ್ಲಿಯದು ಎಂಬುದು ಅವಳ ಪ್ರಶ್ನೆ. ರಾಹಿ ಮಾಸೂಮ್ ರಜಾ ಬರೆದ ಆ ಮಾತುಗಳು ನಮ್ಮ ಪಡಸಾಲೆಗೆ ಬರೀ ದನಿಯಾಗಿ ಬಂದವು. ಮುಗಿಯದ ಸೀರೆ ಮಾತ್ರ ಚೆನ್ನಾಗಿ ಕಂಡಿತು, ಎಲ್ಲರೂ ಕೈಮುಗಿದರು.

ಇದನ್ನು ಸಣ್ಣ ಕೊರತೆ ಎನ್ನಲಾರೆ. ಬಸವಣ್ಣನವರು ಐಕ್ಯರಾದ ಊರಿದು. ಹನ್ನೆರಡನೇ ಶತಮಾನದಲ್ಲೇ ಶರಣೆಯರು ತಮ್ಮ ಅನುಭಾವವನ್ನೂ ಪ್ರಶ್ನೆಯನ್ನೂ ಆಡುಗನ್ನಡದಲ್ಲಿ ನುಡಿದರು. ಹೆಣ್ಣಿನ ಪ್ರಶ್ನೆ ಹೆಣ್ಣಿಗೆ ತಿಳಿಯುವ ಮಾತಿನಲ್ಲಿರಬೇಕಲ್ಲವೆ? ಡಬ್ಬಿಂಗ್ ವಿರೋಧ ಕನ್ನಡವನ್ನು ಉಳಿಸಲೆಂದೇ ಇತ್ತು, ನಿಜ. ಆದರೆ ಅದರ ಬೆಲೆಯನ್ನು ಹಿಂದಿ ಬಾರದ ಹೆಂಗಸರು ತೆತ್ತರು. 2020ರಲ್ಲಿ, ಲಾಕ್‌ಡೌನ್ ದಿನಗಳಲ್ಲಿ, 2013ರ ಇನ್ನೊಂದು ‘ಮಹಾಭಾರತ’ ಕನ್ನಡಕ್ಕೆ ಡಬ್ ಆಗಿ ಬಂತು. ಆಗ ದ್ರೌಪದಿಯ ಪ್ರಶ್ನೆ ಅತ್ತೆಗೂ ಸೊಸೆಗೂ ಒಟ್ಟಿಗೇ ಕೇಳಿಸಿತು.