ರಹೋಭ್ಯಾಖ್ಯಾನ: ಒಂದು ಅತಿಚಾರದ ಮರುವಿಮರ್ಶೆ

ಗೃಹಸ್ಥನ ಸತ್ಯಾಣುವ್ರತಕ್ಕೆ ಕಳಂಕ ತರುವ ಐದು ಅತಿಚಾರಗಳನ್ನು ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಎಣಿಸಿದ್ದಾರೆ. ಅವುಗಳಲ್ಲಿ ಒಂದು ರಹೋಭ್ಯಾಖ್ಯಾನ. ಸ್ತ್ರೀಪುರುಷರು ಏಕಾಂತದಲ್ಲಿ ನಡೆಸಿದ ಕ್ರಿಯೆಯನ್ನು ಇತರರೆದುರು ಬಯಲುಮಾಡುವುದು ಎಂದು ಪೂಜ್ಯಪಾದರ ಸರ್ವಾರ್ಥಸಿದ್ಧಿ ಅದನ್ನು ವಿವರಿಸುತ್ತದೆ. ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರವೂ ಈ ದೋಷವನ್ನು ಹೆಸರಿಸದೆ ಬಿಟ್ಟಿಲ್ಲ. ಆದರೂ ಸ್ವಾಧ್ಯಾಯದಲ್ಲಿ ಈ ಪದದ ಬಳಿ ಹೆಚ್ಚು ಹೊತ್ತು ನಿಲ್ಲುವವರು ವಿರಳ. ಚಾಡಿ, ಹರಟೆಗಳ ಸಾಲಿಗೆ ಇದನ್ನು ಸೇರಿಸಿ ಮುಂದೆ ಸಾಗುವುದೇ ವಾಡಿಕೆಯಾಗಿದೆ. ಮನೆಮನೆಯಲ್ಲಿ ಕ್ಯಾಮೆರಾ ಇರುವ ಮೊಬೈಲು ಬಂದಿರುವ ಕಾಲದಲ್ಲಿ ಈ ವಾಡಿಕೆ ಸಾಲದು.

2024ರ ಏಪ್ರಿಲ್ ತಿಂಗಳಿನಲ್ಲಿ, ಲೋಕಸಭಾ ಚುನಾವಣೆಯ ಮತದಾನಕ್ಕೆ ಕೆಲವೇ ದಿನಗಳಿರುವಾಗ, ಹಾಸನ ಜಿಲ್ಲೆಯಲ್ಲಿ ಪೆನ್‌ಡ್ರೈವ್‌ಗಳು ಕೈಯಿಂದ ಕೈಗೆ ಹರಿದಾಡಿದವು. ಅನೇಕ ಮಹಿಳೆಯರ ಖಾಸಗಿ ದೃಶ್ಯಗಳು ಮುಖವನ್ನೂ ಮರೆಮಾಡದೆ ಮೊಬೈಲಿನಿಂದ ಮೊಬೈಲಿಗೆ ಹೋದವು. ದೃಶ್ಯದಲ್ಲಿದ್ದವರಲ್ಲಿ ಕೆಲವರು ಊರನ್ನೇ ತೊರೆದರೆಂಬ ವರದಿಗಳು ಬಂದವು. ಅವುಗಳನ್ನು ಹಂಚುವುದು ಅಪರಾಧವೆಂದು ವಿಶೇಷ ತನಿಖಾ ದಳವೇ ಸಾರ್ವಜನಿಕರನ್ನು ಎಚ್ಚರಿಸಬೇಕಾಯಿತು. ಆ ಪ್ರಕರಣಗಳ ಪೈಕಿ ಒಂದರಲ್ಲಿ 2025ರ ಆಗಸ್ಟ್‌ನಲ್ಲಿ ಮುಖ್ಯ ಆರೋಪಿಗೆ ಜೀವಾವಧಿ ಶಿಕ್ಷೆಯಾಯಿತು. ಆದರೆ ನೋಡಿ, ನಕ್ಕು, ಮುಂದಕ್ಕೆ ಕಳುಹಿಸಿದ ಅಸಂಖ್ಯ ಜನ ತಮ್ಮನ್ನು ತಪ್ಪಿತಸ್ಥರೆಂದು ಎಣಿಸಿಕೊಂಡ ಸೂಚನೆ ಎಲ್ಲಿಯೂ ಕಾಣಲಿಲ್ಲ. ವಿಂಧ್ಯಗಿರಿಯ ಬಾಹುಬಲಿ ನಿಂತಿರುವುದೂ ಅದೇ ಜಿಲ್ಲೆಯಲ್ಲಿ.

ಹಂಚಿದವರ ಮೊದಲ ಸಮರ್ಥನೆ, 'ಇದ್ದುದನ್ನೇ ತೋರಿಸಿದೆವು, ಸುಳ್ಳೇನೂ ಹೇಳಲಿಲ್ಲ' ಎಂಬುದು. ಆಚಾರ್ಯರ ಸೂಕ್ಷ್ಮದೃಷ್ಟಿ ಇಲ್ಲಿಯೇ ಗಮನಾರ್ಹವಾಗಿದೆ. ಏಕಾಂತವನ್ನು ಬಯಲುಮಾಡುವ ದೋಷವನ್ನು ಅವರು ಬ್ರಹ್ಮಚರ್ಯದ ಕೆಳಗಿಡಲಿಲ್ಲ; ಸತ್ಯದ ಕೆಳಗಿಟ್ಟರು. ಪ್ರಾಣಿಗೆ ಪೀಡೆ ತರುವ ಮಾತು ಇರುವ ವಸ್ತುವನ್ನು ಕುರಿತದ್ದಾಗಿರಲಿ, ಇಲ್ಲದ ವಸ್ತುವನ್ನು ಕುರಿತದ್ದಾಗಿರಲಿ, ಅದು ಅಪ್ರಶಸ್ತವೇ ಎಂಬುದು ಪೂಜ್ಯಪಾದರ ನಿಲುವು. ಯಥಾರ್ಥತೆಯೊಂದೇ ಸತ್ಯದ ಲಕ್ಷಣವಲ್ಲ. ಹೀಗಿರುವಲ್ಲಿ, ದೃಶ್ಯ ನೈಜವಾದುದೆಂಬ ಮಾತು ಹಂಚಿದವನನ್ನು ದೋಷಮುಕ್ತನನ್ನಾಗಿ ಮಾಡದು.

ಎರಡನೆಯ ಸಮರ್ಥನೆ, 'ಚಿತ್ರೀಕರಣಕ್ಕೆ ಆಕೆಯೇ ಒಪ್ಪಿದ್ದಳು' ಎಂಬುದು. ಇಲ್ಲಿ ಅದೇ ಸೂತ್ರದ ಇನ್ನೊಂದು ಅತಿಚಾರವಾದ ನ್ಯಾಸಾಪಹಾರವನ್ನು ನೆನೆಯಬೇಕು. ನಂಬಿ ಇಟ್ಟ ಒಡವೆಯ ಲೆಕ್ಕವನ್ನು ಇಟ್ಟವನು ಮರೆತು ಕಡಿಮೆ ಕೇಳಿದಾಗ, ಅಷ್ಟೇ ಎಂದು ಹೇಳಿ ಉಳಿದುದನ್ನು ನುಂಗುವುದು ಅದರ ಮೂಲಾರ್ಥ. ಒಬ್ಬರನ್ನು ನಂಬಿ ಒಪ್ಪಿಸಿದ ದೃಶ್ಯವೂ ಒಂದು ನ್ಯಾಸವೇ. ಅದನ್ನು ಇಟ್ಟುಕೊಳ್ಳಲು ಸಮ್ಮತಿಯಿತ್ತೇ ಹೊರತು ಹಂಚಲು ಇರಲಿಲ್ಲ. ದೇಶದ ಕಾನೂನು ಈ ವಿವೇಕಕ್ಕೆ ಬರಲು 2013ರವರೆಗೆ ಕಾಯಬೇಕಾಯಿತು. ಆ ವರ್ಷ ದಂಡಸಂಹಿತೆಗೆ ಸೇರಿದ 354-ಸಿ ಕಲಮು, ಚಿತ್ರೀಕರಣಕ್ಕೆ ಮಹಿಳೆ ಒಪ್ಪಿದ್ದರೂ ಹಂಚಿಕೆಗೆ ಒಪ್ಪದಿದ್ದರೆ ಹಂಚುವುದು ಅಪರಾಧವೆಂದು ಸ್ಪಷ್ಟಪಡಿಸಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 77ನೆಯ ಕಲಮಿನಲ್ಲಿಯೂ ಅದು ಉಳಿದಿದೆ. ಮಾಹಿತಿ ತಂತ್ರಜ್ಞಾನ ಕಾಯಿದೆಯ 66-ಇ ಕಲಮು ಸ್ತ್ರೀಪುರುಷ ಭೇದವಿಲ್ಲದೆ, ಒಪ್ಪಿಗೆಯಿಲ್ಲದೆ ಖಾಸಗಿ ಅಂಗಗಳ ಚಿತ್ರವನ್ನು ತೆಗೆಯುವವನಿಗೂ ಹಂಚುವವನಿಗೂ 3 ವರ್ಷಗಳವರೆಗೆ ಸೆರೆವಾಸ ವಿಧಿಸುತ್ತದೆ. ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಸಾರಿತು. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು.

ಮೂರನೆಯ ಸಮರ್ಥನೆ ಇನ್ನೂ ನಾಜೂಕಿನದು: 'ಅದು ಬರಿಯ ಚಿತ್ರ, ಯಾರೂ ಆಕೆಯನ್ನು ಮುಟ್ಟಲಿಲ್ಲ.' ಒಬ್ಬರ ಮುಖವನ್ನು ಮತ್ತೊಂದು ದೇಹಕ್ಕೆ ಯಂತ್ರದಿಂದ ಅಂಟಿಸಿದ ಕೃತಕ ದೃಶ್ಯಗಳು ಬಂದಿರುವ ಈ ದಿನಗಳಲ್ಲಿ ಈ ಮಾತು ಹೆಚ್ಚು ಕೇಳಿಬರುತ್ತಿದೆ. ಇದಕ್ಕೆ ಕನ್ನಡದಲ್ಲಿ ಉತ್ತರ ಕೊಟ್ಟವನು 13ನೆಯ ಶತಮಾನದ ಜನ್ನ. ಯಶೋಧರ ಚರಿತೆಯಲ್ಲಿ ದೊರೆ ಕಡಿದದ್ದು ಹಿಟ್ಟಿನ ಕೋಳಿಯನ್ನು. ಅದರಲ್ಲಿ ಜೀವವಿರಲಿಲ್ಲ, ಕಡಿಯುವ ಸಂಕಲ್ಪ ಮಾತ್ರ ಅವನಲ್ಲಿತ್ತು. ಅಷ್ಟರಿಂದಲೇ ಯಶೋಧರ, ಚಂದ್ರಮತಿಯರು ತಿರ್ಯಂಚ ಗತಿಯಲ್ಲಿ ಜನ್ಮಜನ್ಮಾಂತರ ತೊಳಲಿದರು. ಈ ಕಥೆಯನ್ನು ಬಲಿಯ ನಿಷೇಧವಾಗಿ ಮಾತ್ರ ಓದುವುದು ರೂಢಿ. ಅದೇ ಕಾವ್ಯದಲ್ಲಿ ದೊರೆ ರಾಣಿಯ ಏಕಾಂತವನ್ನು ಮರೆಯಲ್ಲಿ ನಿಂತು ನೋಡುತ್ತಾನೆ, ಕತ್ತಿಯನ್ನೆತ್ತಿ ತಡೆದುಕೊಳ್ಳುತ್ತಾನೆ, ಕಂಡುದನ್ನು ತಾಯಿಯ ಮುಂದೂ ಕನಸಿನ ನೆವದಲ್ಲಿ ಮುಚ್ಚಿ ಹೇಳುತ್ತಾನೆ ಎಂಬುದು ಚರ್ಚೆಗೆ ಬರುವುದು ಕಡಿಮೆ. ತನಗೆ ದ್ರೋಹವೆಸಗಿದವಳ ರಹಸ್ಯವನ್ನೂ ಆಸ್ಥಾನದಲ್ಲಿ ಸಾರದ ದೊರೆಯ ಸಂಯಮ ಅದು. ಪರಿಚಯವೇ ಇಲ್ಲದ ಹೆಣ್ಣೊಬ್ಬಳ ದೃಶ್ಯವನ್ನು ಮೋಜಿಗಾಗಿ ಹಂಚುವವನಿಗೆ ಅಷ್ಟು ಸಂಯಮವೂ ಇಲ್ಲ.

ಕಾನೂನಿನ ದೃಷ್ಟಿ ಮುಖ್ಯವಾಗಿ ತೆಗೆದವನ, ಪ್ರಕಟಿಸಿದವನ, ಕಳುಹಿಸಿದವನ ಮೇಲಿರುತ್ತದೆ. ಜೈನ ಕರ್ಮಸಿದ್ಧಾಂತ ಕೃತ, ಕಾರಿತ, ಅನುಮೋದನೆ ಎಂಬ ಮೂರನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಸಂರಂಭ, ಸಮಾರಂಭ, ಆರಂಭಗಳನ್ನು ಮೂರು ಯೋಗ, ಈ ಮೂರು ಬಗೆ, ನಾಲ್ಕು ಕಷಾಯಗಳಿಂದ ಗುಣಿಸಿದಾಗ ಆಸ್ರವದ 108 ಭೇದಗಳಾಗುತ್ತವೆ. 'ನಿನ್ನ ಬಳಿ ಇದೆಯೇ, ಕಳುಹಿಸು' ಎಂದು ಕೇಳುವುದು ಕಾರಿತ. ಬಂದುದನ್ನು ನೋಡಿ ಸುಮ್ಮನೆ ನಗುವುದು ಅನುಮೋದನೆ. ಈ ಎಣಿಕೆಯಲ್ಲಿ ಕೇವಲ ಪ್ರೇಕ್ಷಕನೆಂಬ ನಿರಪರಾಧಿಗೆ ಸ್ಥಳವಿಲ್ಲ.

ಇಷ್ಟೆಲ್ಲ ಇದ್ದೂ ಸಮಾಜ ಎಡವುವ ಸ್ಥಳ ಬೇರೊಂದಿದೆ. ಅದು ಉಪಗೂಹನದ ತಪ್ಪು ಗ್ರಹಿಕೆ. ಇಂತಹ ಪ್ರಸಂಗ ಎದುರಾದಾಗ ಹಿರಿಯರು, ಕೆಲವೊಮ್ಮೆ ಬಸದಿಯ ಆಡಳಿತ ಮಂಡಳಿಯವರೂ, ಮನೆತನದ ಮಾನದ ಹೆಸರಿನಲ್ಲಿ ದೂರು ಬೇಡವೆನ್ನುತ್ತಾರೆ. ನೊಂದ ಹುಡುಗಿಯೇ ಕೆಲಕಾಲ ಉತ್ಸವಗಳಿಂದ ದೂರವಿರಲಿ ಎನ್ನುತ್ತಾರೆ. ಉಪಗೂಹನ ಅಂಗಕ್ಕೆ ದೃಷ್ಟಾಂತ ಜಿನೇಂದ್ರಭಕ್ತ ಶ್ರೇಷ್ಠಿ. ವ್ರತಿಯ ವೇಷದಲ್ಲಿ ಬಂದು ರತ್ನವನ್ನು ಕದ್ದವನನ್ನು ಅವನು ಜನರೆದುರು ಬಯಲಿಗೆಳೆಯಲಿಲ್ಲ, ನಿಜ. ಆದರೆ ಕದ್ದ ರತ್ನ ಸ್ವಸ್ಥಾನಕ್ಕೆ ಮರಳಿತು. ಕಳ್ಳನನ್ನು ಶ್ರೇಷ್ಠಿ ಹೊರಗಟ್ಟಿದನು. ಹಂಚಿಹೋದ ದೃಶ್ಯ ಹಾಗೆ ಮರಳುವುದಿಲ್ಲ. ಸುಮ್ಮನಿದ್ದಷ್ಟೂ ಅದರ ಪ್ರತಿಗಳು ಹೆಚ್ಚುತ್ತವೆ. ಅಲ್ಲದೆ ಉಪಗೂಹನವಿರುವುದು ಅಶಕ್ತರ ತಪ್ಪಿನಿಂದ ಧರ್ಮಮಾರ್ಗಕ್ಕೆ ಬರುವ ನಿಂದೆಯನ್ನು ನಿವಾರಿಸಲು. ನೊಂದವಳಲ್ಲಿ ಮುಚ್ಚಬೇಕಾದ ದೋಷವೇ ಇಲ್ಲ. ದಿಗಂಬರ ಮುದ್ರೆಗೆ ತಲೆಬಾಗುವ ಸಮಾಜಕ್ಕೆ ದೇಹವೇ ನಾಚಿಕೆಯ ವಸ್ತುವಲ್ಲವೆಂದು ತಿಳಿದಿರಬೇಕು. ಬಾಹುಬಲಿ ವಸ್ತ್ರವನ್ನು ತಾನಾಗಿ ತ್ಯಜಿಸಿದನು. ಇಲ್ಲಿ ಕೊಡದುದನ್ನು ಕಸಿದುಕೊಳ್ಳಲಾಗಿದೆ. ಅದು ಅದತ್ತಾದಾನ, ನಾಚಬೇಕಾದವನು ಕಸಿದವನು.

ಆದುದರಿಂದ ಕುಟುಂಬದ ಮೊದಲ ಕರ್ತವ್ಯ ಆಕೆಯ ಪಕ್ಕದಲ್ಲಿ ನಿಲ್ಲುವುದು. ದೃಶ್ಯ ಕಂಡ ಕೊಂಡಿ, ಕಳುಹಿಸಿದ ಸಂಖ್ಯೆ, ದಿನಾಂಕಗಳನ್ನು ಬರೆದಿಟ್ಟು ದೂರು ಕೊಡಬೇಕು. ಮಹಿಳೆಯರ ಮತ್ತು ಮಕ್ಕಳ ವಿಷಯದಲ್ಲಿ ಹೆಸರು ಹೇಳದೆಯೂ ದೂರು ದಾಖಲಿಸುವ ಅವಕಾಶ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲಿದೆ. 2021ರ ಡಿಸೆಂಬರಿನಲ್ಲಿ ಆರಂಭವಾದ 'ಸ್ಟಾಪ್ ಎನ್‌ಸಿಐಐ' ಎಂಬ ವ್ಯವಸ್ಥೆಯಲ್ಲಿ, ದೃಶ್ಯವನ್ನು ಯಾರಿಗೂ ಒಪ್ಪಿಸದೆ, ಅದರ ಗಣಿತರೂಪದ ಗುರುತನ್ನು ಮಾತ್ರ ಕಳುಹಿಸಿ ಅದರ ಹರಡುವಿಕೆಯನ್ನು ತಡೆಯಲು ಕೋರಬಹುದು. ಟ್ರಸ್ಟುಗಳು ತಮ್ಮ ಪಾಠಶಾಲೆಗಳಲ್ಲಿ ಅಣುವ್ರತ ಕಲಿಸುವಾಗ ಈ ಒಂದು ಅತಿಚಾರವನ್ನು ಗಂಡುಮಕ್ಕಳಿಗೂ ಬಿಡಿಸಿ ಹೇಳುವುದು ಅಗತ್ಯ.

ದಶಲಕ್ಷಣ ಪರ್ವ ಮುಗಿದ ಮೇಲೆ ಕ್ಷಮಾವಣಿಯ ದಿನ ಮನೆಮನೆಯ ಮೊಬೈಲುಗಳಿಂದ ಕ್ಷಮೆ ಯಾಚಿಸುವ ಸಂದೇಶಗಳು ನೂರಾರು ಜನರಿಗೆ ಹೋಗುತ್ತವೆ. ಅದೇ ಮೊಬೈಲಿನಿಂದ ಆ ವರ್ಷದಲ್ಲಿ ಬೇರೇನು ಹೋಗಿದೆ ಎಂಬುದನ್ನು ಅಂದು ಪ್ರತಿಯೊಬ್ಬ ಶ್ರಾವಕನೂ ಆಲೋಚನೆ ಮಾಡಿಕೊಳ್ಳಬೇಕು. ಆ ಆಲೋಚನೆ ಇಲ್ಲದೆ ಕೇಳಿದ ಕ್ಷಮೆಯಿಂದ ಪ್ರತಿಕ್ರಮಣ ಪೂರ್ಣವಾಗದು.