ಲಘು ಲಾಠಿ ಪ್ರಹಾರ: ಮಾತ್ರೆ ಎಣಿಸಿದವರು ಯಾರು?

1

ಅರಳಗುಪ್ಪೆಯ ಹೆಸರು ಪತ್ರಿಕೆಗಳಲ್ಲಿ ಎರಡು ಜಾಗದಲ್ಲಿ ಬರುತ್ತದೆ. ಒಂದು, ಭಾನುವಾರದ ಪುರವಣಿ. ಅಲ್ಲಿ ನೊಳಂಬರ ಕಾಲದ ಕಲ್ಲೇಶ್ವರ ಗುಡಿ, ಅದರ ಒಳಮಾಳಿಗೆಯಲ್ಲಿ ಕುಣಿಯುತ್ತಿರುವ ಶಿವ, ಸುತ್ತ ಅಷ್ಟದಿಕ್ಪಾಲಕರು, ಆಮೇಲೆ ಹೊಯ್ಸಳರ ಚೆನ್ನಕೇಶವ. ಇನ್ನೊಂದು, ಜಿಲ್ಲಾ ಪುಟದ ಕೆಳಗಿನ ಮೂಲೆ. ಅಲ್ಲಿ ಕೊಬ್ಬರಿ ಧಾರಣೆ, ಬೋರ್‌ವೆಲ್ ಜಗಳ, ತೆಂಗಿನಕಾಯಿ ಕಳವು. ಮೊದಲನೆಯದರಲ್ಲಿ ನಮ್ಮ ಕೇರಿ ಇರುವುದಿಲ್ಲ. ಎರಡನೆಯದರಲ್ಲಿ ನಮ್ಮಂಥ ಕೇರಿಗಳು ಹೇಗೆ ಬರುತ್ತವೆ ಅನ್ನೋದೇ ಈ ಬರಹದ ವಿಷಯ.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ನಮ್ಮ ಚಿಕ್ಕಪ್ಪ ದೂರದ ಒಂದು ತೋಟಕ್ಕೆ ಕಾಯಿ ಸುಲಿಯಲು ಹೋಗಿದ್ದ. ಕೊಬ್ಬರಿಗೆಂದು ಅಟ್ಟಕ್ಕೆ ಹಾಕಿದ್ದ ಕಾಯಿ ಲೆಕ್ಕಕ್ಕೆ ಕಡಿಮೆ ಬಂತು. ಸುಲಿಯುತ್ತಿದ್ದವರು ನಾಲ್ಕು ಜನ. ಜೀಪು ಹತ್ತಿದ್ದು ಇಬ್ಬರು, ಇಬ್ಬರೂ ಕೇರಿಯವರೇ. ಮೂರು ದಿನ ಯಾವ ಠಾಣೆಯಲ್ಲಿದ್ದಾರೆ ಅಂತ ಮನೆಗೆ ಗೊತ್ತಾಗಲಿಲ್ಲ. ನಾಲ್ಕನೇ ದಿನ ಟೀ ಅಂಗಡಿಯ ಪತ್ರಿಕೆಯಲ್ಲಿ ಫೋಟೊ ಬಂತು. ಮುಂದೆ ಕಾಯಿಯ ರಾಶಿ, ಅದರ ಪಕ್ಕ ಕುಕ್ಕರಗಾಲಲ್ಲಿ ಕೂತ ಇಬ್ಬರು, ಹಿಂದೆ ಸಾಲಾಗಿ ನಿಂತ ಸಿಬ್ಬಂದಿ. ಮೇಲೆ ತಲೆಬರಹ: 'ತೆಂಗಿನಕಾಯಿ ಕಳ್ಳರ ಹೆಡೆಮುರಿ ಕಟ್ಟಿದ ಪೊಲೀಸರು'.

ಅಪ್ಪನಿಗೆ ಓದು ಬರುವುದಿಲ್ಲ. "ಏನ್ ಬರ್ದವ್ರೆ, ಓದಪ್ಪ" ಅಂದ. ಓದಿದೆ.

"ಹೊಡ್ದಿದ್ದು ಬರ್ದಿಲ್ವಾ?"

ಇಲ್ಲ ಅಂದೆ.

"ಇನ್ನೊಂದ್ಸಲ ಓದು."

ಇನ್ನೊಂದು ಸಲ ಓದಿದೆ. ಆಗಲೂ ಇರಲಿಲ್ಲ.

ಕಾಯಿ ಸಾಗಿಸಿದವರು ಬೇರೆ ಯಾರೋ ಎಂದು ತಿಂಗಳಾದ ಮೇಲೆ ಗೊತ್ತಾಯಿತು. ಫೋಟೊದಲ್ಲಿದ್ದ ರಾಶಿಯನ್ನು ಆ ತೋಟದ ಅಟ್ಟದಿಂದಲೇ ಇಳಿಸಿ ತಂದಿದ್ದರಂತೆ. ಇಬ್ಬರನ್ನೂ ಬಿಟ್ಟು ಕಳಿಸಿದ ಸುದ್ದಿ ಯಾವ ಪುಟದಲ್ಲೂ ಬರಲಿಲ್ಲ. ಚಿಕ್ಕಪ್ಪನಿಗೆ ಎಡಗೈ ಭುಜದಿಂದ ಮೇಲೆ ಏಳುತ್ತಿರಲಿಲ್ಲ, ಸುಲಿಯುವ ಕೆಲಸ ಬಿಟ್ಟ. ಆ ಠಾಣೆಯ ಹೆಸರು, ಪತ್ರಿಕೆಯ ಹೆಸರು ಇಲ್ಲಿ ಬೇಡ. ಯಾವ ಹೆಸರು ಹಾಕಿದರೂ ಈ ಕತೆ ಕೂಡಿಕೊಳ್ಳುತ್ತದೆ ಅನ್ನೋದೇ ನಮ್ಮ ಕಷ್ಟ.

2

ಪೊಲೀಸ್ ಹಿಂಸೆಯ ಬಗ್ಗೆ ನಮ್ಮಲ್ಲಿ ಚರ್ಚೆಯೇ ಇಲ್ಲ ಎಂದಲ್ಲ. ಇದೆ. ಆದರೆ ಚರ್ಚೆ ಶುರುವಾಗುವ ಹೊತ್ತಿಗೆ ಅದರ ಭಾಷೆ ಠಾಣೆಯಲ್ಲಿ ತಯಾರಾಗಿ ಬಂದಿರುತ್ತದೆ. ದಲಿತ ವಿಮರ್ಶೆ ಈ ಭಾಷೆಯನ್ನು ಒಂದು ಪಠ್ಯವಾಗಿ ಓದಿಲ್ಲ ಎಂಬುದು ನನ್ನ ತಕರಾರು. ಕಾದಂಬರಿಯಲ್ಲಿ ನಮ್ಮವರು ಎಷ್ಟು ಜನ ಇದ್ದಾರೆ, ಹೇಗಿದ್ದಾರೆ ಅಂತ ಎಣಿಸಿದ್ದೇವೆ, ಅದು ಬೇಕಾಗಿತ್ತು. ದಿನಾ ಬೆಳಿಗ್ಗೆ ಟೀ ಅಂಗಡಿಗೆ ಬರುವ ಪಠ್ಯವನ್ನು ಮಾತ್ರ ಮಡಚಿ ಇಟ್ಟುಬಿಟ್ಟೆವು. ಅದರಿಂದ ಮೂರು ಮಾತುಗಳನ್ನು ತೆಗೆದು ನೋಡೋಣ.

'ಲಘು ಲಾಠಿ ಪ್ರಹಾರ'. ಛಂದಸ್ಸು ಓದಿದವರಿಗೆ ಗೊತ್ತು, ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಅಕ್ಷರದ ಅಳತೆಯನ್ನು ಕಿವಿ ಹೇಳುತ್ತದೆ. ಲಾಠಿಯ ಅಳತೆಯನ್ನು ಹೇಳಬೇಕಾದದ್ದು ಬೆನ್ನು. ಇಲ್ಲಿ ಪ್ರಸ್ತಾರ ಹಾಕುವವರು ಹೊಡೆದವರೇ, ಪತ್ರಿಕೆ ಅದನ್ನು ನಕಲು ಮಾಡಿಕೊಳ್ಳುತ್ತದೆ. 'ಗುರು ಲಾಠಿ ಪ್ರಹಾರ' ಆದದ್ದನ್ನು ನಾನು ಇದುವರೆಗೆ ಯಾವ ಕನ್ನಡ ಪತ್ರಿಕೆಯಲ್ಲೂ ಓದಿಲ್ಲ.

'ಲಾಠಿ ರುಚಿ'. 2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಆದಾಗ ಟಿ.ವಿ. ಚಾನೆಲ್ಲುಗಳು ಈ ಮಾತನ್ನು ದಿನವಿಡೀ ಉರುಳಿಸಿದವು. ಬೈಕಿನಲ್ಲಿ ಬಂದವನಿಗೆ ಲಾಠಿ ರುಚಿ, ತರಕಾರಿಗೆ ಬಂದವನಿಗೆ ಬಸ್ಕಿ, ಹಿನ್ನೆಲೆಯಲ್ಲಿ ಸಂಗೀತ. ಹೊಡೆಸಿಕೊಂಡವರಲ್ಲಿ ಎಲ್ಲ ಜಾತಿಯವರೂ ಇದ್ದಿರಬಹುದು. ಆದರೆ ಪೆಟ್ಟನ್ನು ತಿನಿಸಿನ ಹಾಗೆ ಕಾಣುವುದನ್ನು ಇಡೀ ನಾಡಿಗೆ ಅಭ್ಯಾಸ ಮಾಡಿಸಿದ ಮೇಲೆ, ಠಾಣೆಯ ಬಾಗಿಲು ಮುಚ್ಚಿಕೊಂಡಾಗ ಒಳಗಿನ ಪೆಟ್ಟು ಯಾರಿಗೆ ತಪ್ಪಾಗಿ ಕಾಣಬೇಕು?

ಇನ್ನು 'ಹೆಡೆಮುರಿ ಕಟ್ಟು'. ಕೈಗಳನ್ನು ಬೆನ್ನ ಹಿಂದಕ್ಕೆ ತಿರುಚಿ ಬಿಗಿಯುವುದು ಅಂತ ಅರ್ಥ. ಆರೋಪಿಗೆ ಸುಮ್ಮಸುಮ್ಮನೆ ಕೈಕೋಳ ಹಾಕುವುದೂ ತಪ್ಪೆಂದು ಸುಪ್ರೀಂ ಕೋರ್ಟು ಪ್ರೇಮ್ ಶಂಕರ್ ಶುಕ್ಲಾ ಮೊಕದ್ದಮೆಯಲ್ಲಿ 1980ರಲ್ಲೇ ಹೇಳಿದೆ. ಪತ್ರಿಕೆಗೆ ಹೆಡೆಮುರಿ ಒಂದು ನುಡಿಗಟ್ಟು. ಚಿಕ್ಕಪ್ಪನಿಗೆ ಅದು ನುಡಿಗಟ್ಟಾಗಿರಲಿಲ್ಲ, ಆ ಎಡಗೈ ಹೋದದ್ದೇ ಹಾಗೆ. ಅಂದರೆ ನಾನು ಅಪ್ಪನಿಗೆ ಅವತ್ತು ಹೇಳಿದ್ದು ತಪ್ಪು. ಹೊಡೆದದ್ದನ್ನು ಬರೆದಿದ್ದರು. ತಲೆಬರಹದಲ್ಲೇ ಬರೆದಿದ್ದರು, ಹೊಗಳಿಕೆಯಾಗಿ. ಅದನ್ನು ಓದುವ ಶಕ್ತಿ ನನಗಿರಲಿಲ್ಲ.

3

ಮಾತಿನ ಜೊತೆಗೆ ವ್ಯಾಕರಣವನ್ನೂ ನೋಡಬೇಕು. 'ಲಾಠಿ ಬೀಸಲಾಯಿತು', 'ಪರಿಸ್ಥಿತಿ ನಿಯಂತ್ರಣಕ್ಕೆ ತರಲಾಯಿತು', 'ಅಸ್ವಸ್ಥಗೊಂಡ ಆರೋಪಿ ಮೃತಪಟ್ಟ'. ಕ್ರಿಯಾಪದ ಇದೆ, ಕರ್ತೃ ಇಲ್ಲ. 2020ರ ಮೇ 25ರಂದು ಅಮೆರಿಕದ ಮಿನಿಯಾಪೊಲಿಸ್ಸಿನಲ್ಲಿ ಜಾರ್ಜ್ ಫ್ಲಾಯ್ಡ್ ಸತ್ತಾಗ ಅಲ್ಲಿಯ ಪೊಲೀಸರು ಕೊಟ್ಟ ಮೊದಲ ಹೇಳಿಕೆಯೂ ಇದೇ ವ್ಯಾಕರಣದ್ದು. ಪೊಲೀಸರೊಂದಿಗಿನ ವ್ಯವಹಾರದ ವೇಳೆ ಆರೋಗ್ಯ ಕೆಟ್ಟು ವ್ಯಕ್ತಿಯ ಸಾವು ಅನ್ನೋದು ಅದರ ತಲೆಬರಹದ ಸಾರಾಂಶ. ಕುತ್ತಿಗೆಯ ಮೇಲೆ ಒಂಬತ್ತು ನಿಮಿಷಕ್ಕೂ ಹೆಚ್ಚು ಕಾಲ ಊರಿದ್ದ ಮಂಡಿಯ ಸುದ್ದಿಯೇ ಅದರಲ್ಲಿರಲಿಲ್ಲ. 17 ವರ್ಷದ ಹುಡುಗಿ ಡಾರ್ನೆಲ್ಲಾ ಫ್ರೇಜರ್ ಬೀದಿಯಲ್ಲಿ ನಿಂತು ತನ್ನ ಫೋನಿನಲ್ಲಿ ತೆಗೆದ ವಿಡಿಯೊ ಆ ಹೇಳಿಕೆಗೆ ಕಳೆದುಹೋಗಿದ್ದ ಕರ್ತೃವನ್ನು ತಂದುಕೊಟ್ಟಿತು. 2021ರ ಏಪ್ರಿಲ್ 20ರಂದು ಡೆರೆಕ್ ಶಾವಿನ್ ಎಂಬ ಆ ಪೊಲೀಸ್ ಅಧಿಕಾರಿ ಅಪರಾಧಿ ಎಂದು ತೀರ್ಪಾಯಿತು.

ಹಾಗಾದರೆ ಕ್ಯಾಮೆರಾ ಇದ್ದರೆ ಸಾಕೆ? ಸಾಲದು. 1991ರಲ್ಲಿ ಲಾಸ್ ಏಂಜಲೀಸಿನ ಪೊಲೀಸರು ರಾಡ್ನಿ ಕಿಂಗ್ ಎಂಬ ಕಪ್ಪು ಮನುಷ್ಯನನ್ನು ಹೊಡೆದದ್ದನ್ನೂ ಒಬ್ಬರು ವಿಡಿಯೊ ಮಾಡಿದ್ದರು, ಜಗತ್ತೆಲ್ಲ ನೋಡಿತ್ತು. ಆದರೂ 1992ರ ಏಪ್ರಿಲ್‌ನಲ್ಲಿ ಜ್ಯೂರಿ ಆ ಪೊಲೀಸರನ್ನು ತಪ್ಪಿತಸ್ಥರೆನ್ನಲಿಲ್ಲ. ಮರುವರ್ಷ ಫೆಡರಲ್ ಕೋರ್ಟಿನಲ್ಲಿ ಇಬ್ಬರಿಗೆ ಶಿಕ್ಷೆಯಾಯಿತು. ಚಿತ್ರ ಅದೇ, ಓದು ಬೇರೆ. ಯಾರು ಓದುತ್ತಾರೆ, ಎಲ್ಲಿ ನಿಂತು ಓದುತ್ತಾರೆ ಅನ್ನೋದರ ಮೇಲೆ ಅರ್ಥ ನಿಲ್ಲುತ್ತದೆ. ಇದು ವಿಮರ್ಶೆಯ ಪ್ರಶ್ನೆ.

ದೂರದ ಅಮೆರಿಕದ ವಿಷಯ ಬಂದಾಗ ನಮ್ಮ ಸಂಪಾದಕೀಯಗಳು 'ಜನಾಂಗೀಯ ದ್ವೇಷ' ಅಂತ ಸಲೀಸಾಗಿ ಬರೆಯುತ್ತವೆ. ಹತ್ತಿರ ಬಂದಂತೆ ಕರ್ತೃ ಮಾಯವಾಗುತ್ತಾನೆ. ಆಗಿನ ಕೋಲಾರ ಜಿಲ್ಲೆಯ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ಜನ ದಲಿತರನ್ನು ಸುಟ್ಟರು. ನಾವೆಲ್ಲ, ಹೋರಾಟಗಾರರೂ ಸೇರಿ, ಬರೆಯುವುದು 'ಏಳು ಜನ ಸಜೀವ ದಹನವಾದರು' ಅಂತ. ಸಾಕ್ಷಿಗಳು ತಿರುಗಿಬಿದ್ದು 2006ರಲ್ಲಿ ಎಲ್ಲ ಆರೋಪಿಗಳೂ ಬಿಡುಗಡೆಯಾದರು. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ದಹನವಾದರು, ಸುಟ್ಟವರು ಯಾರೂ ಇಲ್ಲ. ಪತ್ರಿಕೆಯ ವ್ಯಾಕರಣವೇ ಕೊನೆಗೆ ಕಾನೂನಿನ ಫಲಿತಾಂಶವೂ ಆಯಿತು.

4

ಕಂಬಾಲಪಲ್ಲಿಯಲ್ಲಿ ಪೊಲೀಸರು ರಕ್ಷಿಸಲಾರದೆ ಹೋದವರು. ಗೋಣಿಬೀಡಿನಲ್ಲಿ ಆರೋಪ ಬಂದದ್ದು ಅವರ ಮೇಲೆಯೇ. 2021ರ ಮೇ 10ರಂದು ಚಿಕ್ಕಮಗಳೂರು ಜಿಲ್ಲೆ ಮೂಡಿಗೆರೆ ತಾಲ್ಲೂಕಿನ ಗೋಣಿಬೀಡು ಠಾಣೆಗೆ ಒಬ್ಬ ದಲಿತ ಯುವಕನನ್ನು ಕರೆದೊಯ್ದರು. ಒಬ್ಬ ಹೆಂಗಸಿನ ಜೊತೆ ಮಾತಾಡಿದ ಎಂಬ ಊರ ಮಾತೇ ಕಾರಣ. ಅಲ್ಲಿ ತನ್ನನ್ನು ಕಟ್ಟಿ ಹೊಡೆದರು, ಜಾತಿ ಹಿಡಿದು ಬೈದರು, ನೀರು ಕೇಳಿದಾಗ ಠಾಣೆಯಲ್ಲಿದ್ದ ಇನ್ನೊಬ್ಬನಿಂದ ಮೂತ್ರ ಮಾಡಿಸಿ ನೆಕ್ಕಿಸಿದರು ಎಂದು ಆತ ಮೇಲಧಿಕಾರಿಗಳಿಗೆ ಪತ್ರ ಬರೆದ. ದೂರು ದಾಖಲಾಯಿತು, ಸಬ್ ಇನ್‌ಸ್ಪೆಕ್ಟರ್ ಅಮಾನತಾದರು, ತನಿಖೆ ಸಿ.ಐ.ಡಿ.ಗೆ ಹೋಯಿತು, ಸೆಪ್ಟೆಂಬರ್‌ನಲ್ಲಿ ಅವರ ಬಂಧನವಾಯಿತು.

ಪ್ರತಿಯೊಂದು ಠಾಣೆಯಲ್ಲೂ ಸಿ.ಸಿ. ಕ್ಯಾಮೆರಾ ಇರಬೇಕು, ಅದರಲ್ಲಿ ದನಿಯೂ ದಾಖಲಾಗಬೇಕು ಎಂದು ಸುಪ್ರೀಂ ಕೋರ್ಟು 2020ರ ಡಿಸೆಂಬರ್‌ನಲ್ಲಿ ಆದೇಶಿಸಿತ್ತು. ಗೋಣಿಬೀಡಿನ ಘಟನೆ ಅದಾಗಿ ಐದು ತಿಂಗಳಿಗೆ ನಡೆದದ್ದು. ಆದರೆ ಈ ಪ್ರಕರಣವನ್ನು ಬೆಳಕಿಗೆ ತಂದದ್ದು ಗೋಡೆಯ ಮೇಲಿನ ಕ್ಯಾಮೆರಾ ಅಲ್ಲ, ಹೊಡೆಸಿಕೊಂಡವನ ಪತ್ರ. ಆ ಪತ್ರದ ವಾಕ್ಯಗಳಿಗೆ ಕರ್ತೃ ಇದ್ದ. ನನ್ನ ಪ್ರಕಾರ ಇತ್ತೀಚಿನ ಕನ್ನಡ ದಲಿತ ಬರವಣಿಗೆಯ ಮುಖ್ಯ ಪಠ್ಯಗಳಲ್ಲಿ ಅದೂ ಒಂದು. ಅದನ್ನು ಬರೆದವನು ಸಾಹಿತಿಯಲ್ಲ ಅನ್ನೋದು ಇಲ್ಲಿ ಮುಖ್ಯವಲ್ಲ.

ಸುದ್ದಿ ಆ ಪತ್ರವನ್ನು ಏನು ಮಾಡಿತು? 'ಅಮಾನವೀಯ ಘಟನೆ' ಅಂತ ಕರೆಯಿತು. ಒಳ್ಳೆಯ ಮನಸ್ಸಿನಿಂದಲೇ ಕರೆದಿರಬಹುದು. ಆದರೆ 'ಅಮಾನವೀಯ' ಅಂದಕೂಡಲೇ ಅದು ಮನುಷ್ಯರ ವ್ಯವಸ್ಥೆಯಿಂದ ಹೊರಗಿನದ್ದಾಗಿಬಿಡುತ್ತದೆ, ಯಾವನೋ ಒಬ್ಬನ ಕ್ರೌರ್ಯವಾಗಿಬಿಡುತ್ತದೆ. ಊರಿನವರ ಮಾತಿಗೆ ಠಾಣೆ ಯಾಕೆ ಅಷ್ಟು ಬೇಗ ಎದ್ದು ಬಂತು, ಅದೇ ಊರಿನ ಬೇರೆ ಹುಡುಗನಾಗಿದ್ದರೆ ಬರುತ್ತಿತ್ತೇ ಅನ್ನೋ ಪ್ರಶ್ನೆ ಮೂತ್ರದ ಸುದ್ದಿಯ ಕೆಳಗೆ ಹೂತುಹೋಯಿತು.

ಇಲ್ಲಿ ಒಂದು ಮಾತು. ಆ ಅಧಿಕಾರಿಯ ಬಗ್ಗೆ ನಾನೂ 'ಆರೋಪ' ಅಂತಲೇ ಬರೆದಿದ್ದೇನೆ. ನ್ಯಾಯ ಅದೇ. ಆದರೆ ಈ 'ಆರೋಪ' ಅನ್ನುವ ಪದ ಚಿಕ್ಕಪ್ಪನಿಗೆ ಯಾಕೆ ಸಿಗಲಿಲ್ಲ? ಅವನು ಮೊದಲ ದಿನವೇ 'ಕಳ್ಳ'. ಖಾಕಿ ಹಾಕಿದವರಿಗೆ ಒಂದು ವ್ಯಾಕರಣ, ಕುಕ್ಕರಗಾಲಲ್ಲಿ ಕೂತವರಿಗೆ ಇನ್ನೊಂದು. ಅವರಿಗೆ ಆ ಪದ ಬೇಡ ಅಂತ ನಾನು ಹೇಳುತ್ತಿಲ್ಲ, ನಮಗೂ ಬೇಕು ಅನ್ನುತ್ತಿದ್ದೇನೆ.

5

ಬರೆಯುವವರು ಯಾರು? 1996ರಲ್ಲಿ 'ವಾಷಿಂಗ್ಟನ್ ಪೋಸ್ಟ್' ಪತ್ರಿಕೆಯ ದೆಹಲಿ ವರದಿಗಾರ ಕೆನೆತ್ ಕೂಪರ್, ಸ್ವತಃ ಕಪ್ಪು ಅಮೆರಿಕನ್ನರು, ಒಬ್ಬ ದಲಿತ ಪತ್ರಕರ್ತನ ಜೊತೆ ಮಾತಾಡಬೇಕೆಂದು ಹುಡುಕಿದರು. ಅವರ ಪರವಾಗಿ ಹುಡುಕಲು ಹೊರಟ ಬಿ.ಎನ್. ಉನಿಯಾಲ್ ಅವರಿಗೆ ಒಬ್ಬರೂ ಸಿಗಲಿಲ್ಲ. ಅದನ್ನು ಅವರು ಆ ವರ್ಷದ ನವೆಂಬರ್‌ನಲ್ಲಿ 'ಪಯೊನೀರ್' ಪತ್ರಿಕೆಯಲ್ಲಿ ಬರೆದರು. ಇಪ್ಪತ್ತಮೂರು ವರ್ಷದ ನಂತರ, 2019ರಲ್ಲಿ, ಆಕ್ಸ್‌ಫ್ಯಾಮ್ ಇಂಡಿಯಾ ಮತ್ತು ನ್ಯೂಸ್‌ಲಾಂಡ್ರಿ ಸೇರಿ ಸುದ್ದಿಮನೆಗಳ 121 ಮೇಲಿನ ಹುದ್ದೆಗಳನ್ನು ಎಣಿಸಿದಾಗ 106ರಲ್ಲಿ ಮೇಲ್ಜಾತಿಯವರಿದ್ದರು. ಪರಿಶಿಷ್ಟ ಜಾತಿ, ಪಂಗಡದವರು ಒಬ್ಬರೂ ಇರಲಿಲ್ಲ.

ಆದರೆ ತಲೆ ಎಣಿಸಿ ಸುಮ್ಮನಾಗುವಂತಿಲ್ಲ. ನನ್ನ ಜೊತೆ ಓದಿದ ಗೆಳೆಯನೊಬ್ಬ, ನಮ್ಮವನೇ, ಒಂದು ಪತ್ರಿಕೆಗೆ ತಾಲ್ಲೂಕು ಸುದ್ದಿಗಾರ. ಸಂಬಳ ಅಂತ ಹೇಳಿಕೊಳ್ಳುವಂಥದ್ದು ಇಲ್ಲ, ಹಬ್ಬಕ್ಕೆ ಜಾಹೀರಾತು ತಂದರೆ ಕಮಿಷನ್. ಕಳವು, ಅಪಘಾತ, ಆತ್ಮಹತ್ಯೆ ಎಲ್ಲವೂ ಅವನಿಗೆ ಠಾಣೆಯ ಬರಹಗಾರನಿಂದಲೇ ಸಿಗಬೇಕು. "ಸ್ಟೇಷನ್ ಎದುರು ಹಾಕ್ಕಂಡ್ರೆ ನಾಳೆ ನಂಗೆ ಸುದ್ದಿ ಯಾರ್ ಕೊಡ್ತಾರೆ ಗುರುವೇ?" ಅಂತ ಕೇಳಿದ. ನನ್ನಲ್ಲಿ ಉತ್ತರ ಇರಲಿಲ್ಲ. ಅತಿಥಿ ಉಪನ್ಯಾಸಕನಾದ ನಾನು ಯಾರನ್ನು ಎದುರು ಹಾಕಿಕೊಂಡಿದ್ದೇನೆ? ದಲಿತನೊಬ್ಬ ಸುದ್ದಿಮನೆಯೊಳಗೆ ಹೋದ ಮಾತ್ರಕ್ಕೆ ಸುದ್ದಿಯ ಮೂಲ ಬದಲಾಗುವುದಿಲ್ಲ. ಠಾಣೆಯ ಹೇಳಿಕೆಯ ಎದುರಿಗೆ ಕೇರಿಯ ಹೇಳಿಕೆಯೂ ಅದೇ ಹೊತ್ತಿಗೆ, ಬರಹದಲ್ಲಿ, ಅವನ ಕೈಗೆ ಸಿಗಬೇಕು. ಅದನ್ನು ಬರೆದುಕೊಡುವುದು ನಮ್ಮ ಕೆಲಸ.

ನಾವು ಏನು ಬರೆದುಕೊಡುತ್ತಿದ್ದೇವೆ? 'ಸವರ್ಣೀಯರ ದೌರ್ಜನ್ಯವನ್ನು ಉಗ್ರವಾಗಿ ಖಂಡಿಸುತ್ತೇವೆ.' ಈ ವಾಕ್ಯದಲ್ಲಿ ಸಿಟ್ಟಿದೆ, ಸಂಗತಿ ಇಲ್ಲ. ಯಾರು, ಯಾವ ಹೊತ್ತಿಗೆ, ಯಾವ ಜೀಪಿನಲ್ಲಿ, ಬಾಗಿಲಲ್ಲಿ ನಿಂತಿದ್ದ ಹೆಂಗಸಿಗೆ ಏನಂದರು ಅನ್ನೋದಿಲ್ಲ. ಜೀಪು ಬಂದಾಗ ಗಂಡಸರು ಹಿತ್ತಲಿಗೆ ಹಾರುತ್ತಾರೆ. ಎದುರು ನಿಂತು ಎಲ್ಲವನ್ನೂ ನೋಡುವುದು ಅವ್ವಂದಿರು. ನಮ್ಮ ಪತ್ರಿಕಾ ಹೇಳಿಕೆಗಳಲ್ಲಿ ಅವರ ಒಂದು ಮಾತೂ ಇರುವುದಿಲ್ಲ.

6

ದೇವನೂರರ 'ಒಡಲಾಳ'ವನ್ನು ಹಸಿವಿನ ಕತೆಯಾಗಿ, ಭಾಷೆಯ ಕತೆಯಾಗಿ ಬಹಳ ಓದಿದ್ದೇವೆ. ಠಾಣೆಯ ಕತೆಯಾಗಿ ಓದಿದ್ದು ಕಡಿಮೆ. ಸಾಕವ್ವನ ಹುಂಜ ಕಳೆದುಹೋಗಿದೆ, ಅದು ಅವಳ ಲೋಕವನ್ನೇ ಅಲ್ಲಾಡಿಸಿದೆ. ಆದರೆ ಪೊಲೀಸರು ಅವಳ ಮನೆಗೆ ಬರುವುದು ಹುಂಜ ಹುಡುಕಲಿಕ್ಕಲ್ಲ, ಸಾಹುಕಾರನ ಕಡಲೆಕಾಯಿ ಹುಡುಕಲಿಕ್ಕೆ. ಯಾರ ವಸ್ತು ಕಳೆದರೆ ಅದು ಪ್ರಕರಣ, ಯಾರದ್ದು ಕಳೆದರೆ ಬರೀ ಗೋಳು? ಅಲ್ಲಿ ಕಡಲೆಕಾಯಿ, ನಮ್ಮ ಸೀಮೆಯಲ್ಲಿ ತೆಂಗಿನಕಾಯಿ. ಕಾದಂಬರಿ ನಮಗೆ ಈ ಓದನ್ನು ಆಗಲೇ ಕಲಿಸಿತ್ತು. ನಾವು ಅದನ್ನು ತರಗತಿಯಿಂದ ಆಚೆಗೆ, ಜಿಲ್ಲಾ ಪುಟಕ್ಕೆ ತರಲಿಲ್ಲ.

ತರುವ ದಾರಿ ಏನೂ ದೊಡ್ಡದಲ್ಲ. ಡಿ.ಕೆ. ಬಸು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1996ರಲ್ಲಿ ಹೇಳಿದ್ದನ್ನು ಕೇರಿಯಲ್ಲಿ ಕೂತು ಗಟ್ಟಿಯಾಗಿ ಓದಬೇಕು. ಬಂಧಿಸಿದಾಗ ಮೆಮೊ ಬರೆಯಬೇಕು, ಹೊತ್ತು ಮತ್ತು ದಿನ ಹಾಕಬೇಕು, ಮನೆಯವರೊಬ್ಬರು ಇಲ್ಲವೇ ಊರಿನ ಗೌರವಸ್ಥರೊಬ್ಬರು ಸಾಕ್ಷಿ ಸಹಿ ಹಾಕಬೇಕು, ಎಲ್ಲಿಟ್ಟಿದ್ದಾರೆಂದು ತಿಳಿಸಬೇಕು. ಅಂದರೆ ಠಾಣೆಯ ಆ ಕಾಗದದಲ್ಲಿ ಅವ್ವನ ಹೆಬ್ಬೆಟ್ಟಿಗೂ ಜಾಗ ಇದೆ. ನಮ್ಮ ಹಾಸ್ಟೆಲ್ ಹುಡುಗರು, ಹುಡುಗಿಯರು ಪ್ರತಿ ತಾಲ್ಲೂಕಿನಲ್ಲೂ ಒಂದು ಕಡತ ಇಡಬಹುದು. ಒಂದು ಕಡೆ ಪೊಲೀಸರ ಹೇಳಿಕೆ, ಒಂದು ಕಡೆ ಪತ್ರಿಕೆಯ ತುಣುಕು, ಒಂದು ಕಡೆ ಮನೆಯವರ ಮಾತು ಅವರ ಬಾಯಲ್ಲಿ ಬಂದ ಹಾಗೇ. ಈ ಮೂರನ್ನೂ ಪಕ್ಕಪಕ್ಕ ಇಟ್ಟು ಓದಿದರೆ ಅದು ವಿಮರ್ಶೆಯಲ್ಲದೆ ಇನ್ನೇನು?

ಈ ಬರಹಕ್ಕೆ ಕೂತಾಗ ಅಪ್ಪನನ್ನು ಆ ಪತ್ರಿಕೆಯ ಬಗ್ಗೆ ಕೇಳಿದೆ. ಅವ್ವ ಅದನ್ನು ಟ್ರಂಕಿನ ತಳಕ್ಕೆ ಹಾಸಿದ್ದಳು, ಬಿಸಾಕಿರಲಿಲ್ಲ. ಮಡಿಕೆ ಹರಿದಿತ್ತು, ಫೋಟೊದಲ್ಲಿ ಚಿಕ್ಕಪ್ಪನ ಮುಖ ಮಾಸಿತ್ತು. ಅಪ್ಪನಿಗೆ ಮೂರನೇ ಸಲ ಓದಿ ಹೇಳಿದೆ, ಈ ಸಲ ಹೆಡೆಮುರಿಯ ಅರ್ಥ ಬಿಡಿಸಿ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಅಂದ: "ಅದ್ ನಂಗ್ ಅವತ್ತೇ ಗೊತ್ತಿತ್ತು ಕಣಪ್ಪ. ನಿಂಗ್ ಯಾವಾಗ್ ಕಾಣ್ತದೆ ಅಂತ ನೋಡ್ತಿದ್ದೆ."